ಬಲಗೈ

ನಲವತ್ತೊಂದು ವರ್ಷ ಹಲ್ಲು ಮಾಡಿದೆ ನಾನು, ಟೊರಿನೊದಲ್ಲಿ,
ಕಂಡಿಲ್ಲದ ಬಾಯಿಗಳಿಗೆ.
ಈಗಲೂ ಅದೇ ಮೇಜು, ಅದೇ ನಡುಗುವ ತಟ್ಟೆ,
ಅಂಗೈಗಂಟಿದ ಅದೇ ಸಿಲಿಕೋನ್ ವಾಸನೆ.
ಮಾಡುವುದು ಮಾತ್ರ ಮುಷ್ಟಿ.

ಆಟಿಕೆ ರೋಬೋಗಳ ಮುಷ್ಟಿ.
ಗುಂಡಿ ಒತ್ತಿದರೆ ಮೊಣಕೈಯೊಳಗಿನ ಸ್ಪ್ರಿಂಗು
ಠಪ್ಪೆಂದು ಹಾರಿಸುತ್ತಿತ್ತು.
ಬೀರುವಿನಡಿಗೆ, ರೇಡಿಯೇಟರಿನ ಹಿಂದಕ್ಕೆ,
ಬಾಲ್ಕನಿ ದಾಟಿ ಟ್ರಾಮಿನ ಹಳಿಗೆ,
ಒಂದು ಪೀಳಿಗೆಯ ಕೈಗಳೆಲ್ಲ ಹೀಗೆ
ಕೈತಪ್ಪಿ ಹೋದವು.
ಹುಡುಗರ ತಲೆ ನರೆಯಿತು.
ಮೊಂಡುಗೈ ರೋಬೋ ಅಟ್ಟದಿಂದಿಳಿದು ಬಂತು.

ಮೊಂಡೋವಿಯಿಂದ ಎಝಿಯೊ ಗಾರ್ಬೆರೊ ಕಳಿಸಿದ್ದು
ಹತ್ತಿಯಲ್ಲಿ ಸುತ್ತಿದ ಎಡಗೈ. ಜೊತೆಗೊಂದು ಚೀಟಿ:
"ಇದರಂತೆ ಬಲಗೈ ಮಾಡಿಕೊಡಿ.
ಅದನ್ನು ತಮ್ಮ ಟುಲ್ಲಿಯೊ ಬಾವಿಗೆ ಹಾರಿಸಿದ.
ಮೂರು ದಿನ ಅವನೊಡನೆ ಮಾತು ಬಿಟ್ಟಿದ್ದೆ.
ಈಗ ಹದಿನೆಂಟು ವರ್ಷದಿಂದ ಬಿಟ್ಟಿದ್ದೇವೆ ಇಬ್ಬರೂ,
ಅದಕ್ಕೆ ಕಾರಣ ಕೈಯಲ್ಲ, ಅಪ್ಪನ ಅಂಗಡಿ."

ಬರೆದೆ: ಸ್ವಾಮಿ,
ಎಡಗೈ ಅಚ್ಚಿನಲ್ಲಿ ಹುಟ್ಟುವುದು ಎಡಗೈಯೇ.
ನೂರು ಸಲ ಹೊಯ್ದರೆ ನೂರು ಎಡಗೈ.
ತಿರುಗಿಸಿ ತೋರುವುದು ಕನ್ನಡಿಯ ಚಾಳಿ, ಅಚ್ಚಿನದಲ್ಲ.
(ಕಂಪ್ಯೂಟರು ತಿರುಗಿಸಿ ಕೊಡುತ್ತದಂತೆ;
ನನ್ನಲ್ಲಿಲ್ಲ, ಬೇಕಾಗಿಯೂ ಇಲ್ಲ.)
ಬಲಗೈ ಬೇಕೆಂದರೆ ಎಲ್ಲೋ ಒಂದು ಮನೆಯಲ್ಲಿ
ಒಂದು ಬಲಗೈ ಕಳೆಯದೆ ಉಳಿದಿರಬೇಕು.

ಏಳು ತಿಂಗಳು.
ಆಮೇಲೆ ಲಿವೋರ್ನೊದ ಬಂದರಿನ ಬೀದಿಯಿಂದ
ಫಿಯೊರೆಂಝ ಎಂಬಾಕೆ ಕಡ ಕೊಟ್ಟಳು, ಹಬ್ಬದೊಳಗೆ ವಾಪಸು ಎಂದು.
"ತೊಳೆದಿಲ್ಲ. ನೀವೂ ತೊಳೆಯಬೇಡಿ."

ಭೂತಗನ್ನಡಿ ಹಿಡಿದೆ.
ಹೆಬ್ಬೆರಳ ಬುಡದಲ್ಲಿ ಎರಡು ತಗ್ಗು.
ಇಷ್ಟು ವರ್ಷ ಸುಮ್ಮನೆ ಕಳೆದಿಲ್ಲ ನಾನು:
ಮೇಲ್ದವಡೆ, ಹಾಲುಹಲ್ಲು, ಒಂದರ ತುದಿ ಮುಕ್ಕು,
ವಯಸ್ಸು ಐದು ದಾಟಿಲ್ಲ.
ಸಿಟ್ಟೋ, ಒಸಡಿನ ನವೆಯೋ, ಮುದ್ದೋ,
ಅದನ್ನು ಹಲ್ಲು ಹೇಳುವುದಿಲ್ಲ.
ನಾನೂ ಕೇಳಲಿಲ್ಲ ಯಾರದೆಂದು.
ತೊಳೆಯಬೇಡಿ ಎಂದವಳನ್ನು ಕೇಳುವುದೇನು?

ಜೇಡಿಯಲ್ಲಿ ಅರ್ಧ ಹೂತೆ.
ಮೇಲರ್ಧಕ್ಕೆ ಸಿಲಿಕೋನ್, ಎತ್ತರದಿಂದ, ನೂಲಿನಷ್ಟು ಸಣ್ಣಗೆ,
ಗುಳ್ಳೆಗಳು ದಾರಿಯಲ್ಲೇ ಒಡೆಯುವ ಹಾಗೆ.
ಒಂದು ರಾತ್ರಿ.
ಮಗುಚಿ, ಜೇಡಿ ಬಿಡಿಸಿ, ವ್ಯಾಸಲೀನ್ ಸವರಿ ಇನ್ನರ್ಧ.
ಮತ್ತೊಂದು ರಾತ್ರಿ.

ರಾಳ ಎರಡು ಬಾಟಲಿ. ಬೇರೆ ಬೇರೆ ಇರುವಾಗ
ವರ್ಷಗಟ್ಟಲೆ ನೀರಾಗಿಯೇ ಇರುತ್ತವೆ.
ಬೆರೆಸಿದಿರೋ, ಮೂರೇ ನಿಮಿಷ;
ಲೋಟ ಜ್ವರದ ಹಣೆಯಾಗುತ್ತದೆ.
ಬಣ್ಣ ಅಂಗಡಿಯ ಕೆಂಪಲ್ಲ,
ಕಿಟಕಿಯಲ್ಲಿ ನಿಂತು ನಿಂತು ಬಡವಾದ ಕೆಂಪು.
ಅದಕ್ಕೊಂದು ಚಿಟಿಕೆ ಕಂದು, ಸೂಜಿಮೊನೆಯಷ್ಟು ಬಿಳಿ.

ಮೊದಲ ಕೈಗೆ ಕಿರುಬೆರಳಿನಲ್ಲಿ ಗುಳ್ಳೆ.
ಎರಡನೆಯದು ಅಂಟಂಟು, ಅಳತೆ ತಪ್ಪಿ.
ಮೂರನೆಯದು ಅಚ್ಚಿನಿಂದ ಹೊರಬಂದಾಗ
ಇನ್ನೂ ಬಿಸಿಯಾಗಿತ್ತು, ಎಲ್ಲ ಬೆರಳು ನೆಟ್ಟಗಿತ್ತು,
ಹೆಬ್ಬೆರಳ ಬುಡದಲ್ಲಿ
ಎರಡು ತಗ್ಗು, ಒಂದರ ತುದಿ ಮುಕ್ಕು.

ಮೇಣದ ಚಾಕು ಕೈಯಲ್ಲೇ ಇತ್ತು.
ಒಂದು ಹನಿ ಸಾಕಿತ್ತು;
ತಗ್ಗು ತುಂಬುವುದೇ ನನ್ನ ಕಸುಬಾಗಿತ್ತಲ್ಲ ಜನ್ಮವಿಡೀ.
ಚಾಕು ಕೆಳಗಿಟ್ಟೆ. ಕಾಫಿ ಕುಡಿದೆ.
ಮತ್ತೆ ಎತ್ತಿಕೊಳ್ಳಲಿಲ್ಲ.

ಮೊಂಡೋವಿಯಿಂದ ಉತ್ತರ ಬಂತು:
"ಕೂತಿತು. ತುಸು ಸಡಿಲ, ಕಾಗದದ ಚೂರು ಸುತ್ತಿದ್ದೇನೆ.
ಆದರೆ ನಿಮಗೆ ಹೇಗೆ ಗೊತ್ತಾಯಿತು?
ಅಲ್ಲೇ, ಹೆಬ್ಬೆರಳ ಹತ್ತಿರವೇ, ಟುಲ್ಲಿಯೊ ಕಚ್ಚಿದ್ದ.
ನಾನು ಮರೆತೇಬಿಟ್ಟಿದ್ದೆ.
ಭಾನುವಾರ ಫೋನು ಮಾಡಿ ಬೈಯಬೇಕು ಅವನನ್ನು."

ಲಿವೋರ್ನೊದ ಕೈ ಅಷ್ಟರಲ್ಲಿ
ತೊಳೆಯದೆ, ತನ್ನ ಹತ್ತಿಯಲ್ಲೇ ಊರಿಗೆ ಹೊರಟಿತ್ತು.
ಗುಳ್ಳೆಗೈಯನ್ನು ಡ್ರಾಯರಿನಲ್ಲಿಟ್ಟೆ,
ಯಾರೂ ಒಯ್ಯದೆ ಉಳಿದ ಹಲ್ಲುಗಳ ಜೊತೆ.

ಆಮೇಲೆ ಬರೆದೆ:
ಬೆಲೆ ಹದಿನಾಲ್ಕು ಯೂರೊ. ಅಂಚೆ ಬೇರೆ.
ಸ್ಪ್ರಿಂಗು ಹಳೆಯದು, ಗುಂಡಿ ಜೋರಾಗಿ ಒತ್ತಬೇಡಿ.
ಒತ್ತಿದರೂ,
ಬಾವಿ ಕಡೆ ತಿರುಗಿಸಬೇಡಿ.