ಎರಡನೇ ಗೇಟು

ಉದ್ಯಮಬಾಗದಾಗ ನನ್ನ ಕೆಲಸ
ಬ್ರೇಕ್ ಡಿಸ್ಕಿನ ಅಳತಿ ನೋಡೂದು.
ಪಾಳಿಗೆ ನೂರಾನಲವತ್ತು.
ಕೂದಲೆಳಿ ಹೆಚ್ಚುಕಡಿಮಿ ಆದ್ರ ಕೆಂಪು ಬಣ್ಣ ಬಳದು
ವಾಪಸ್ ಭಟ್ಟಿಗೆ.
ಯಾವ್ಯಾವ ಊರಾಗೋ ಯಾರ್ಯಾರ ಗಾಡಿ
ನನ್ನ ಮೈಕ್ರೋಮೀಟರಿನ ಮಾತು ಕೇಳಿ ನಿಲ್ತಾವು.

ನನ್ನದು ಹಳೇ ಝೆನ್.
ಇಂಜಿನ್ ಮಾತ್ರ ಹೋದ ವರ್ಷ ದೊಡ್ಡದು ಕೂಡಿಸೇನಿ,
ಬೋನಸ್ಸಿನ ರೊಕ್ಕ. ಮನ್ಯಾಗ ಹೇಳಿದ್ದು ಅರ್ಧಾ ರೇಟು.
ಚೋರ್ಲಾ ಘಾಟಿನ ಇಳಿಜಾರದಾಗ ಒಂದು ಸಂಜಿ
ಪೆಡಲ್ ತುಳದರ
ನೆನಿಸಿಟ್ಟ ಅವಲಕ್ಕಿ ತುಳದಂಗ ಆತು.
ಸುಟ್ಟ ವಾಸನಿ. ಮುಂದ ಹಾಲಿನ ಟೆಂಪೋ.
ಅದರ ನಂಬರ್ ನನಗ ಇನ್ನೂ ಬಾಯಿಪಾಠ.

ಜ್ಯೋತಿಬಾ ಗ್ಯಾರೇಜಿನಾಗ ಚೀಟಿ ಬರದು ಕೊಟ್ಟ:
ದೊಡ್ಡ ಡಿಸ್ಕ್, ತೂತಿನವು. ಕೆಂಪು ಕ್ಯಾಲಿಪರ್.
ಅವು ಹಿಡಸಾಕ ದೊಡ್ಡ ಗಾಲಿ.
ಐವತ್ತೆಂಟು ಸಾವಿರ.
ಪೆನ್ನು ಕಿವಿಗೆ ಸಿಗಿಸಿಕೊಂಡು,
"ಅಕ್ಕಾರ, ರಸ್ತೆ ಹಿಡಿಯೂದು ಡಿಸ್ಕ್ ಅಲ್ರಿ, ಟಾಯರು.
ಅವು ನಮ್ಮ ಕಾಕಾನ ತಲಿ ಆಗ್ಯಾವು" ಅಂದ.
ಬಾನೆಟ್ ಎತ್ತಿ ಡಬ್ಬಿ ಮುಚ್ಚಳ ತಗದ.
ನಾಕು ವರ್ಷದ ಬ್ರೇಕ್ ಎಣ್ಣಿ,
ಕುದ್ದು ಕುದ್ದು ಕರ್ರಗಾದ ಚಹಾ.
"ನೀರು ಕುಡದು ಕುಂತೈತಿ. ಮೊದಲ ಇದನ್ನ ಚೆಲ್ರಿ."

ಗೊತ್ತಿತ್ತು ನನಗ.
ಗೊತ್ತಿದ್ದದ್ದನ್ನ ಇನ್ನೊಬ್ಬರ ಬಾಯಿಲೆ ಕೇಳಾಕ ಸಿಟ್ಟು.
ಆ ಕೆಂಪು ಬೇಕಾಗಿತ್ತು, ಸುಳ್ಳು ಯಾಕ?
ಗೋಗಟೆ ಸರ್ಕಲಿನಾಗ ಬಾಜೂಕ ನಿಂತ ಬೈಕಿನ ಹುಡುಗೂರು
ಬಗ್ಗಿ ಗಾಲಿಯೊಳಗ ಇಣುಕಬೇಕಾಗಿತ್ತು.
ಒಂದೆರಡು ದಿನ ಕಂಪನಿಯ ರಿಜೆಕ್ಟ್ ರಾಶಿ ಮುಂದೂ ಸುಳದಾಡಿದೆ,
ಹೊಳಿತಿದ್ದವು, ಎರಡು ಕೂದಲೆಳಿ ಅಷ್ಟ ಕಡಿಮಿ.
ಮ್ಯಾಲ ಇದ್ದ ಕೆಂಪು
ನನ್ನ ಕೈಯಿಂದನ ಬಳದದ್ದು.

ಎಣ್ಣಿ ಬದಲಿಸೇನಿ. ಪ್ಯಾಡೂ.
ಟಾಯರು ಮುಂದಿನ ಪಗಾರಕ್ಕ.
ಚೀಟಿ ಹರದಿಲ್ಲ, ಕನ್ನಡಿ ಹಿಂದ ಸಿಗಿಸೇನಿ.

ಇವತ್ತು ತಿಳಕವಾಡಿ ಎರಡನೇ ಗೇಟು ಬಿದ್ದಿತ್ತು.
ಇಂಜಿನ್ ಆರಿಸಿದೆ. ಗೂಡ್ಸ್ ಹೊಂಟಿತ್ತು, ಮುಗಿಯಾಕ ಒಲ್ಲದು.
ಡಬ್ಬಿ ಡಬ್ಬಿ ನಡುವಿನ ಸಪ್ಪಳದಾಗ
ಗಾಲಿಯೊಳಗ ಕಬ್ಬಿಣ ತಣ್ಣಗಾಗೂದು ಕೇಳತಿತ್ತು,
ಟಿಕ್,
ಸ್ವಲ್ಪ ಹೊತ್ತು ಬಿಟ್ಟು, ಟಿಕ್.
ಗೇಟು ಎದ್ದಿತು.
ಮುಂದಿನ ರಿಕ್ಷಾಕ್ಕೂ ನನಗೂ ನಡುವ
ಒಂದು ಎಮ್ಮಿ ಅಡ್ಡ ನಿಲ್ಲುವಷ್ಟು ಜಾಗ ಬಿಟ್ಟೆ,
ಬರೇ ಕಣ್ಣಿಲೆ ಅಳದು.
ಹಿಂದಿನಂವ ಹಾರ್ನ್ ಹೊಡದ.