ಏರುದಾರಿಯ ಪಾಳಿ

ಇಳಿಯುವುದು ಸಲೀಸು.
ಆಕಾಶದ ಆ ಒಂದು ಬಾಯಿ ಮಾತಾಡಿದರೆ
ಹನ್ನೊಂದು ದ್ವೀಪಕ್ಕೂ ಒಮ್ಮೆಗೇ ಕೇಳುತ್ತದೆ;
ತನ್ನದಲ್ಲದ್ದನ್ನು ಪ್ರತಿ ತಟ್ಟೆಯೂ ಚೆಲ್ಲಿಬಿಡುತ್ತದೆ.

ಏರುವುದೇ ಕಷ್ಟ.
ನಲವತ್ತು ತಟ್ಟೆ, ಮೇಲೆ ಒಂದೇ ಕಿವಿ.
ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರದೂ ಹಾಳು.
ಹಾಗಾಗಿ ಕಾಲವನ್ನೇ ಕೊಯ್ದಿದ್ದಾರೆ,
ಮನೇಬಾದ ಚಪ್ಪರದಡಿ ಟ್ಯೂನಾ ಕೊಯ್ದ ಹಾಗೆ:
ಈ ಚೂರು ನಿನಗೆ, ಆ ಚೂರು ಅವಳಿಗೆ,
ನಡುವೆ ಕೂದಲೆಳೆಯಷ್ಟು ಮೌನ.

ಮನೇಬಾದಲ್ಲಿ ಪ್ರತಿ ಕುಲಕ್ಕೂ ಅದರದೇ ಜಾಗ, ಅದರದೇ ಚಾಪೆ.
ಬಾರದವನ ಚಾಪೆಯ ಮೇಲೆ ಯಾರೂ ಕೂರುವುದಿಲ್ಲ.
ಯಂತ್ರಕ್ಕೆ ಆ ಸಂಕೋಚವಿಲ್ಲ;
ಸುಮ್ಮನಿದ್ದವನ ಚೂರನ್ನು
ಕೇಳಿದವನ ಬಾಯಿಗೆ ಆಗಿಂದಾಗ ಇಡುತ್ತದೆ.
"ಒಳ್ಳೇದೋ ಕೆಟ್ಟದ್ದೋ, ಹೇಳಲಾರೆ" ಎಂದ ಅಜ್ಜ ಬುರೆಂತಾವು,
ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತ.

ಕೇಳುವುದಕ್ಕೂ ಹೊತ್ತು ಬೇಕು.
"ನನ್ನಲ್ಲಿ ಇಷ್ಟಿದೆ, ಜಾಗ ಕೊಡಿ" ಎಂಬ ಚೀಟಿ ಹೋಗಿ
"ತಗೋ" ಎಂದು ಬರಲು ಅರ್ಧ ಸೆಕೆಂಡು.
ಚೀಟಿಗೆ ಚೀಟಿ ಡಿಕ್ಕಿ ಹೊಡೆದರೆ
ಇಬ್ಬರೂ ಹಿಂದೆ ಸರಿದು, ಕವಡೆ ಬಿದ್ದಷ್ಟು ಎಣಿಸಿ,
ಮತ್ತೆ ಕೇಳಬೇಕು.
ಹವಾಯಿಯಲ್ಲಿ ಹುಟ್ಟಿದ ಈ ಪದ್ಧತಿಯ ಹೆಸರು ಅಲೋಹಾ.
ಡಿಕ್ಕಿಗೂ ನಮಸ್ಕಾರ!

ಆ ರಾತ್ರಿ ನಮ್ಮ ದಾದಿ ನೇಯಿ ಮೋಯಿಯಾ
ತುಂಬು ಬಸುರಿಯೊಬ್ಬಳ ಹೊಟ್ಟೆಯ ಚಿತ್ರವನ್ನು
ತರಾವಾದ ಡಾಕ್ಟರಿಗೆ ಕಳಿಸುತ್ತಿದ್ದಳು.
ಅರವತ್ತೆರಡಕ್ಕೆ ನಿಂತಿತು.
ಅರವತ್ತೆರಡು.
ಅರವತ್ತೆರಡು.
ನಮ್ಮ ತಟ್ಟೆಗೆ ಖಾತರಿಯ ಚೂರು ಒಂದೇ,
ಅದನ್ನು ಊರಿಗೆ ಊರೇ ಎಳೆಯುತ್ತಿತ್ತು.
ಪೆಟ್ಟಿಗೆಯ ಕೀಲಿ ನನ್ನ ಕೈಲಿತ್ತು,
ಕೂತಲ್ಲೇ ಎಲ್ಲರನ್ನೂ ಕತ್ತರಿಸಬಹುದಿತ್ತು.
ಯಾಕೋ, ಟಾರ್ಚ್ ಹಿಡಿದು ಹೊರಟೆ.

ಮಾಸ್ತರ ತೋವಾಕಾಯಿ ಗೊಣಗುತ್ತ ಅಂಕಪಟ್ಟಿ ನಿಲ್ಲಿಸಿದ.
ಕೊಬ್ಬರಿ ಸಂಘದ ಕಂಪ್ಯೂಟರು, ಎದುರಿಗೆ ನರಪಿಳ್ಳೆ ಇಲ್ಲದೆ,
ತನ್ನಷ್ಟಕ್ಕೆ ಏನನ್ನೋ ಕಳಿಸುತ್ತಲೇ ಇತ್ತು. ವಯರು ಕಿತ್ತೆ.
ಕೊನೆಯ ಮನೆ ಕರವಾಯಿತಿಯದು.
ಹಡಗಿನಲ್ಲಿರುವ ಅಣ್ಣನಿಗೆ ತನ್ನ ಕುಣಿತವನ್ನು
ಐದು ತುಂಡು ಮಾಡಿ ಕಳಿಸುತ್ತಿದ್ದಳು. ಮೂರು ಹೋಗಿತ್ತು.
ನಾನಿನ್ನೂ ಏನೂ ಹೇಳಿರಲಿಲ್ಲ,
ಫೋನು ಮಗುಚಿಟ್ಟಳು.

ದಾರಿಯಲ್ಲೇ ಯಾರೋ ಕೂಗಿದರು, ಎಂಬತ್ತು ಅಂತ.
ಬಾಗಿಲಿಗೆ ಬರುವಷ್ಟರಲ್ಲಿ ನೂರು.
ಆಮೇಲಿನದು ಆ ತಾಯಿಯ ಕಥೆ, ಅವಳೇ ಹೇಳಲಿ.

ನನಗೆ ಈಗಲೂ ಕಾಣುವುದು ಬೇರೆ:
ಎಲ್ಲೋ ಅಟ್ಲಾಂಟಿಕ್ಕಿನಲ್ಲಿ, ಎಂಜಿನ್ನಿನ ಪಾಳಿ ಮುಗಿಸಿದ ಒಬ್ಬ
ಬಂಕಿನಲ್ಲಿ ಅಂಗಾತ ಮಲಗಿದ್ದಾನೆ.
ಅವನ ಅಂಗೈಯೊಳಗೆ ತಂಗಿಯ ತೋಳು ರೆಕ್ಕೆಯಾಗಿದೆ,
ಕತ್ತು ಥಟ್ಟನೆ ಹೊರಳಿದೆ,
ಹಕ್ಕಿ ಎದ್ದಿದೆ.
ಅದು ಇಳಿಯುವ ತುಂಡು
ಇಲ್ಲಿಂದ ಇನ್ನೂ ಏರಿಲ್ಲ.