ಯಾರಾದ್ರೂ ಇಳಿಯೋರಿದ್ದೀರಾ

ಗುತ್ತಲಿನ ತಾರಸಿಯಲ್ಲಿ ಟೆಂಟು ಕೊಡವಿದರೆ
ಹೊಲಿಗೆಯ ಮೂಲೆಯಿಂದ ಹಿಡಿಯಷ್ಟು ಮರಳು ಸುರಿಯಿತು,
ಕೆಂಪಗೆ, ಜರಡಿ ಹಿಡಿದಷ್ಟು ನಯ.
ಪಕ್ಕದ ತಾರಸಿಯಲ್ಲಿ ಹುಣಸೆ ಬಿಡಿಸುತ್ತಿದ್ದ ದೇವೀರಮ್ಮ
'ಯಾವ ಹೊಳೇದು?' ಅಂದರು.
ಹೊಳೆಯಿಲ್ಲದ ಕಡೆಯದು, ಅಂದೆ.

ನಿಂಗಾಜತ್ತೆ, ಅಪ್ಪನ ತಂಗಿ,
ಮಂಡ್ಯ–ಮೈಸೂರು ಶಟ್ಲಿನಲ್ಲಿ ಇಪ್ಪತ್ತೆಂಟು ವರ್ಷ
ನಿಂತೇ ಇದ್ದವಳು.
ರಿಟೈರಾದ ಸಂಜೆ ಸುಗಂಧರಾಜದ ಹಾರ ಕಳಚಿ
ನನ್ನ ಕೈಗಿಟ್ಟು ಹೇಳಿದ್ದಳು:
'ಬರೀ ಜನಗಳ ಕೈ ನೋಡಿವ್ನಿ ಕಣೇ,
ಕಿಟಕಿಯಾಚೆ ಏನೈತೆ ಅಂತ ಒಂದಿನಾನೂ ಬಗ್ಗಿ ನೋಡ್ಲಿಲ್ಲ.
ನಿಂಗೆ ಗಾಡಿ ಬರ್ತದೆ.
ಸ್ಟಾಪೇ ಇಲ್ದಿರೋ ರಸ್ತೆ ಎಲ್ಲಾದ್ರೂ ಇದ್ರೆ ಹುಡುಕು.'

ಅವಳ ಗ್ರಾಚ್ಯುಟಿಯಲ್ಲಿ ಅರ್ಧ, ನನ್ನ ಚೀಟಿ ದುಡ್ಡು,
ಎರಡು ಬೆನ್ನುಚೀಲ.
ಅವಳದರಲ್ಲಿ ಹುರುಳಿಪುಡಿ, ಅಣ್ಣನ ಹಳೇ ಸ್ವೆಟರು,
ಮತ್ತೆ ಯಾಕೋ ಆ ವಿಷಲ್ಲು.

ವಿಂಡ್‌ಹುಕ್‌ನಲ್ಲಿ ಬಾಡಿಗೆ ಗಾಡಿ ಹತ್ತಿದೆವು.
ನಮ್ಮಲ್ಲಿಯ ಹಾಗೇ ಬಲಕ್ಕೆ ಸ್ಟೇರಿಂಗು. ಅದೊಂದು ನೆಮ್ಮದಿ.
ಆಮೇಲೆ ಡಾಂಬರು ಮುಗಿಯಿತು.
ಆಮೇಲೆ ಬೇಲಿ.
ಜಲ್ಲಿಯ ಮೇಲೆ ರಾಗಿಕಲ್ಲಿನಂತೆ ಗುರುಗುಡುತ್ತ
ಹಿಂದೆ ಧೂಳಿನ ಬಾಲ ಎಳೆದುಕೊಂಡು ಹೋದೆವು.
ಉಷ್ಟ್ರಪಕ್ಷಿ ಓಡಿತು: ನೋಡಿದಳು.
ದಿಬ್ಬದ ನೆರಳು ಬಣ್ಣ ತಿರುಗಿಸಿತು: ನೋಡಿದಳು.
ಮೂರನೆಯ ದಿನ, ನೂರೆಂಬತ್ತು ಕಿಲೋಮೀಟರು
ಒಂದು ನಾಯಿಯೂ ಎದುರಾಗದೆ,
ಮೆಲ್ಲಗೆ ಶುರು ಮಾಡಿದಳು:

ಇಂಡುವಾಳು.
ಒಂದು ಒಣಮರ ಹಿಂದೆ ಹೋಯಿತು.
ಸುಂಡಹಳ್ಳಿ. ಯಲಿಯೂರು.
ತೂಬಿನಕೆರೆ, ತೂಬಿನಕೆರೆ,
ಯಾರಾದ್ರೂ ಇಳಿಯೋರಿದ್ದೀರಾ?
ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನು, ಕೊಳೆ ಬಟ್ಟೆ.
ನಾನು ನಕ್ಕೆ. ಅವಳು ನಗಲಿಲ್ಲ.

ಗಡಿ ದಾಟಿ ಬೋಟ್ಸ್ವಾನಾ.
'ಮೌನ್' ಎಂದು ಬೋರ್ಡು ಓದಿ
'ಹೆಸರಿಗೆ ತಕ್ಕಂಗೆ ಗಪ್‌ಚಿಪ್ಪಾಗೈತೆ' ಅನ್ನುತ್ತಿದ್ದವಳು
ಥಟ್ಟನೆ ವಿಷಲ್ ಊದಿದಳು, ಕಿವಿ ಗುಯ್ಯೆಂದಿತು,
ನನ್ನ ಕಾಲು ತಾನೇ ಬ್ರೇಕಿಗೆ ಹೋಯಿತು.
ಮುಳ್ಳುಮರದ ಚೂರು ನೆರಳಲ್ಲಿ ಒಬ್ಬಾಕೆ,
ತಲೆಗೆ ವಸ್ತ್ರ, ಕಂಕುಳಲ್ಲಿ ಕೋಳಿ.
ಕೈ ಚಾಚಿರಲಿಲ್ಲ. ಸುಮ್ಮನೆ ನಿಂತಿದ್ದಳು,
ಬಸ್ಸು ಬರುತ್ತದೆ ಎಂದು ಗೊತ್ತಿರುವವರ ಹಾಗೆ.

ಹೆಸರು ಕೆಫಿಲ್ವೆ. ಊರನ್ನು 'ಮಾ-ಊನ್' ಎನ್ನಬೇಕೆಂದು ತಿದ್ದಿದಳು.
ಅಲ್ಲಿ ಯಾರ ಗಾಡಿ ಹತ್ತಿದರೂ ಬಸ್ಸಿನಷ್ಟೇ ಕೊಡುವುದು ವಾಡಿಕೆಯಂತೆ;
ಇಪ್ಪತ್ತರ ನೋಟು ಮುಂದೆ ಚಾಚಿದಳು.
ಬೇಡ ಬೇಡ ಎಂದು ನಾನು ಕನ್ನಡಿಯಲ್ಲಿ ತಲೆಯಾಡಿಸುವಷ್ಟರಲ್ಲಿ
ಅತ್ತೆಯ ಬೆರಳಸಂದಿಯಲ್ಲಿ
ನೋಟು ಉದ್ದಕ್ಕೆ ಮಡಿಸಿ ಕೂತಿತ್ತು.
ದುಡ್ಡಿಗೆ ಅಲ್ಲಿ ಪುಲಾ ಅನ್ನುತ್ತಾರೆ. ಮಳೆ ಅಂತ ಅರ್ಥ.
ಹದಿನೆಂಟು ಮಳೆ ಚಾರ್ಜು, ಎರಡು ಮಳೆ ಬಾಕಿ.
ಚಿಲ್ಲರೆಯಿಲ್ಲ. ಪೆಟ್ರೋಲಿನ ರಸೀದಿ ಹರಿದು, ಹಿಂದೆ
ಕನ್ನಡದಲ್ಲಿ ೨ ಬರೆದು, ಸುತ್ತ ಸೊನ್ನೆ ಎಳೆದು ಕೊಟ್ಟಳು.
ಕೆಫಿಲ್ವೆ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು
ಕೋಳಿಯ ಕೆಳಗೆಲ್ಲೋ ಜೋಪಾನ ಮಾಡಿದಳು.

ಬೋರ್ಡಿಲ್ಲ, ಮನೆಯಿಲ್ಲ, ತಿರುವೂ ಇಲ್ಲದ ಒಂದು ಕಡೆ
ಇಬ್ಬರೂ ಒಟ್ಟಿಗೆ 'ಇಲ್ಲೇ' ಅಂದರು, ಅವರವರ ಭಾಷೆಯಲ್ಲಿ.
ನನಗೆ ಈಗಲೂ ಗೊತ್ತಿಲ್ಲ
ಆ ಸ್ಟಾಪು ಅತ್ತೆಗೆ ಹೇಗೆ ಕಂಡಿತೆಂದು.

ಮುಂದಿನ ಬಂಕಿನಲ್ಲಿ ಎರಡರ ನಾಣ್ಯ ಸಿಕ್ಕಿತು.
ತಿರುಗಿಸು ಗಾಡಿ, ಅಂದಳು. ತಿರುಗಿಸಿದೆ.
ಮರ ಸಿಕ್ಕಿತು. ಹೆಜ್ಜೆಗುರುತು ಪೊದೆಯೊಳಗೆ ಹೋಗಿತ್ತು.

ಇವತ್ತು ಬೆಳಿಗ್ಗೆ ಮೈಸೂರಿಗೆ ಹೋದವಳು
ತೂಬಿನಕೆರೆ ದಾಟುತ್ತ ಫೋನು ಮಾಡಿದ್ದಳು.
ಕಿಟಕಿ ಸೀಟು, ಸೊನ್ನೆ ರೂಪಾಯಿ ಟಿಕೆಟ್ಟು.
'ಇಲ್ಲೊಂದು ಬಾವಿ ಐತಲ್ಲೇ! ಯಾವಾಗ ತೋಡುದ್ರು?'
ಆಮೇಲೆ ಬಸ್ಸಿನ ಗಲಾಟೆಯಲ್ಲಿ, ದನಿ ತಗ್ಗಿಸಿ,
'ಆಯಮ್ಮ ಚೀಟಿ ಮಡಿಕ್ಕಂಡಿರ್ತಾಳೆ ಕಣೇ. ಬಿಸಾಕೋ ಪೈಕಿ ಅಲ್ಲ.'

ನಾಣ್ಯ ಉಪ್ಪಿನ ಭರಣಿಯ ಮೇಲಿದೆ.
ಟೆಂಟು ಮಡಿಸಬೇಕು. ಇನ್ನೂ ಮಡಿಸಿಲ್ಲ.